ನೆಲದೊಳಗೆ ಬಂಡೆ ಜಾರುವುದು ಒಂದು ಸಲ, ಅಲುಗಾಟ ಎರಡು ಮೂರು ಸಲ. ಯಾಕೆ?

ಅಲೆಮಾರಿ:

ಭೂಕಂಪ ಅನುಭವಿಸಿದವರು ಹೆಚ್ಚುಕಡಿಮೆ ಒಂದೇ ಥರ ಹೇಳುತ್ತಾರೆ. ಮೊದಲು ಕೆಳಗಿನಿಂದ ಯಾರೋ ಗುದ್ದಿದ ಹಾಗೆ ಧಡ್ ಅಂದಿತು, ಕಿಟಕಿ ಗಡಗಡ ಅಂದಿತು, ಏನಿದು ಅಂದುಕೊಳ್ಳುವಷ್ಟರಲ್ಲಿ ಜೋರಾಗಿ ಅಡ್ಡಡ್ಡ ಅಲುಗಾಡಲು ಶುರುವಾಯಿತು. ದೂರದಲ್ಲಿ ಇದ್ದವರಾದರೆ ಆಮೇಲೆ ನಿಧಾನವಾಗಿ ತೂಗಿದ ಹಾಗಾಯಿತು ಅಂತಲೂ ಸೇರಿಸುತ್ತಾರೆ. ಆದರೆ ನೆಲದೊಳಗೆ ಬಂಡೆ ಜಾರಿದ್ದು ಒಂದೇ ಸಲ ಅಲ್ವಾ?

ಪಿ (ಪ್ರೈಮರಿ, ಅಂದರೆ ಮೊದಲನೆಯ) ಅಲೆ ಬೇಗ ಬರುತ್ತದೆ, ಎಸ್ (ಸೆಕೆಂಡರಿ, ಅಂದರೆ ಎರಡನೆಯ) ಅಲೆ ತಡವಾಗಿ ಬರುತ್ತದೆ ಅನ್ನುವುದು ಗೊತ್ತು. ನಾನು ಕೇಳುತ್ತಿರುವುದು ಅದರ ಹಿಂದಿನದು. ಒಂದೇ ಕಲ್ಲಿನೊಳಗೆ ಎರಡು ಬಗೆಯ ಅಲೆ ಹುಟ್ಟುವುದೇ ಯಾಕೆ? ಗಾಳಿಯಲ್ಲಿ ಶಬ್ದ ಒಂದೇ ವೇಗದಲ್ಲಿ ಬರುತ್ತದೆ, ಒಂದು ಚಪ್ಪಾಳೆ ಎರಡು ಸಲ ಕೇಳಿಸುವುದಿಲ್ಲ. ಇನ್ನೊಂದು, ಎಸ್ ಅಲೆ ದ್ರವದಲ್ಲಿ ಹೋಗುವುದಿಲ್ಲ ಅಂತ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ, ಯಾಕೆ ಹೋಗುವುದಿಲ್ಲ ಅಂದರೆ ಸುಮ್ನೆ ಆಗುತ್ತಾರೆ. ಗೊತ್ತಿರುವವರು ಬಿಡಿಸಿ ಹೇಳಿ. ಸೂತ್ರ ಬಂದರೂ ಪರವಾಗಿಲ್ಲ, ಬರೀ ಸೂತ್ರ ಬೇಡ.

ಕಲ್ಲುಬಂಡೆ:

ನಿಮ್ಮ ಗಾಳಿಯ ಉದಾಹರಣೆಯಲ್ಲೇ ಉತ್ತರ ಇದೆ.

ಗಾಳಿಯನ್ನು ಒತ್ತಿದರೆ ಅದು ತಿರುಗಿ ಒತ್ತುತ್ತದೆ. ಆದರೆ ಅದರ ಆಕಾರ ಬದಲಿಸಿದರೆ ಹೊಸ ಆಕಾರದಲ್ಲೇ ಉಳಿದುಬಿಡುತ್ತದೆ, ಹಳೆಯದಕ್ಕೆ ಮರಳಬೇಕು ಅನ್ನುವ ಹಟ ಅದಕ್ಕಿಲ್ಲ. ಕಲ್ಲಿಗೆ ಎರಡೂ ಹಟ ಇದೆ. ಒತ್ತಿದರೂ ಮರಳುತ್ತದೆ, ಓರೆ ಮಾಡಿದರೂ ಮರಳುತ್ತದೆ. ಅಲೆ ಅಂದರೆ ಇಷ್ಟೇ: ಒಂದು ಕಡೆ ಕದಡಿದ ಭಾಗ ಮೊದಲಿನ ಸ್ಥಿತಿಗೆ ಮರಳಲು ಹೋಗಿ ಪಕ್ಕದ ಭಾಗವನ್ನು ಕದಡುತ್ತದೆ, ಅದು ಮುಂದಿನದನ್ನು ಕದಡುತ್ತದೆ. ಮರಳಿಸುವ ಬಲ ಎರಡು ಬಗೆ ಇದ್ದ ಮೇಲೆ ಅಲೆಯೂ ಎರಡು ಬಗೆ ಆಗಲೇಬೇಕು.

ಹೀಗೆ ಯೋಚಿಸಿ. ಹತ್ತು ಜನ ಒಬ್ಬರ ಹೆಗಲ ಮೇಲೆ ಒಬ್ಬರು ಗಟ್ಟಿಯಾಗಿ ಕೈ ಇಟ್ಟು ಸಾಲಾಗಿ ನಿಂತಿದ್ದಾರೆ. ಕೊನೆಯವರನ್ನು ಬೆನ್ನ ಮೇಲೆ ತಳ್ಳಿದರೆ ಆ ನೂಕು ಒಬ್ಬರಿಂದ ಒಬ್ಬರಿಗೆ ದಾಟಿ ಮೊದಲಿನವರನ್ನು ಮುಟ್ಟುತ್ತದೆ. ಯಾರೂ ಜಾಗ ಬಿಟ್ಟು ಹೋಗಿಲ್ಲ, ನೂಕು ಮಾತ್ರ ಹೋಯಿತು. ಇದು ಪಿ ಅಲೆ. ಅದೇ ಕೊನೆಯವರನ್ನು ಪಕ್ಕಕ್ಕೆ ಎಳೆದರೆ ಅವರ ಕೈ ಮುಂದಿನವರನ್ನೂ ಪಕ್ಕಕ್ಕೆ ಎಳೆಯುತ್ತದೆ, ಆ ಓಲಾಟವೂ ಸಾಲಿನುದ್ದಕ್ಕೂ ಸಾಗುತ್ತದೆ. ಇದು ಎಸ್. ಈಗ ಎಲ್ಲರೂ ಕೈ ಇಳಿಬಿಟ್ಟು ಬರೀ ಒತ್ತೊತ್ತಾಗಿ ನಿಲ್ಲಲಿ. ಹಿಂದಿನಿಂದ ತಳ್ಳಿದರೆ ನೂಕು ಆಗಲೂ ಮುಂದಕ್ಕೆ ಹೋಗುತ್ತದೆ. ಪಕ್ಕಕ್ಕೆ ಎಳೆದರೆ ಆ ಒಬ್ಬರು ಮಾತ್ರ ಪಕ್ಕಕ್ಕೆ ಸರಿಯುತ್ತಾರೆ, ಮುಂದಿನವರಿಗೆ ಗೊತ್ತೂ ಆಗುವುದಿಲ್ಲ. ದ್ರವದ ಕಥೆ ಇದೇ. ನೀರಿನ ಒಂದು ಪದರ ಪಕ್ಕದ ಪದರವನ್ನು ಹಿಡಿದು ಎಳೆಯುವುದಿಲ್ಲ, ಜಾರಿಕೊಳ್ಳುತ್ತದೆ. ಹಾಗಾಗಿ ಎಸ್ ಅಲ್ಲಿಗೆ ನಿಲ್ಲುತ್ತದೆ. ಸಮುದ್ರದಡಿ ಭೂಕಂಪ ಆದಾಗ ನೀರಿನೊಳಗೆ ಏರಿ ಬರುವುದು ಒತ್ತಡದ ಅಲೆ ಮಾತ್ರ. ಹತ್ತಿರದಲ್ಲಿ ಹಡಗು ಇದ್ದರೆ ಅದರ ತಳ ಬಂಡೆಗೆ ಬಡಿದ ಹಾಗೆ ಅನಿಸುತ್ತದೆ.

ಪಿ ಯಾಕೆ ವೇಗ ಅನ್ನುವುದೂ ಇಲ್ಲೇ ಸಿಗುತ್ತದೆ. ಕಲ್ಲನ್ನು ಒಂದು ದಿಕ್ಕಿನಲ್ಲಿ ಮಾತ್ರ ಒತ್ತಿದಾಗ ಅದರ ಗಾತ್ರವೂ ಬದಲಾಗುತ್ತದೆ, ಆಕಾರವೂ ಬದಲಾಗುತ್ತದೆ. ಹಾಗಾಗಿ ಪಿ ಅಲೆಯ ಹಿಂದೆ ಎರಡೂ ಗಟ್ಟಿತನ ಕೆಲಸ ಮಾಡುತ್ತವೆ. ಎಸ್ ಅಲೆಗೆ ಆಕಾರದ ಗಟ್ಟಿತನ ಒಂದೇ ಗತಿ. ಅದಕ್ಕೇ ಯಾವ ಬಂಡೆ ತೆಗೆದುಕೊಂಡರೂ ಪಿ ಮುಂದೆ. ಮೇಲಿನ ಭೂಕವಚದಲ್ಲಿ, ಅಂದರೆ ಭೂಮಿಯ ಹೊರಸಿಪ್ಪೆಯಲ್ಲಿ, ಪಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್, ಎಸ್ ಸುಮಾರು 3.5. ಸಾಮಾನ್ಯ ಬಂಡೆಯಲ್ಲಿ ಇವೆರಡರ ಅನುಪಾತ 1.7ರ ಆಸುಪಾಸು ಇರುತ್ತದೆ.

ಫ್ರಾನ್ಸಿನ ಗಣಿತಜ್ಞ ಪ್ವಾಸೊ 1830ರ ಆಸುಪಾಸಿನಲ್ಲೇ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದರು. ಗಟ್ಟಿ ವಸ್ತುವಿನೊಳಗೆ ಎರಡು ವೇಗದ ಅಲೆ ಇರಬೇಕು ಎಂದು. ಭೂಕಂಪದ ದಾಖಲೆಯಲ್ಲಿ ಅವನ್ನು ಬೇರೆ ಬೇರೆಯಾಗಿ ಗುರುತಿಸುವುದಕ್ಕೆ 1900 ಆಗಬೇಕಾಯಿತು. ಗುರುತಿಸಿದವರು ರಿಚರ್ಡ್ ಓಲ್ಡ್‌ಹ್ಯಾಮ್, 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದವರು.

ಹೊಸಬೆಳಕು:

ಇನ್ನೂ ಸುಲಭವಾಗಿ ನೆನಪಿಡಬಹುದು. ಪಿ ಅಂದರೆ ಮೇಲೆ ಕೆಳಗೆ, ಎಸ್ ಅಂದರೆ ಅಡ್ಡಡ್ಡ. ಪಿ ಮೆತ್ತಗೆ, ಎಸ್ ಜೋರು. ಆಮೇಲೆ ಬರುವ ಮೇಲ್ಮೈ ಅಲೆ ಇನ್ನೂ ಜೋರು, ಹಾನಿ ಮಾಡುವುದು ಅದೇ.

ಗೆರೆಗಾರ:

ಹೊಸಬೆಳಕು ಅವರೇ, ನೆನಪಿಡಲು ಸುಲಭ ನಿಜ, ಆದರೆ ಮೊದಲ ಸಾಲಿನಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗುತ್ತದೆ. ಪಿ ಅಲೆಗೆ ಮೇಲೆ ಕೆಳಗೆ ಅನ್ನುವ ದಿಕ್ಕೇ ಇಲ್ಲ. ಅಲೆ ಯಾವ ದಿಕ್ಕಿಗೆ ಹೋಗುತ್ತಿದೆಯೋ ಆ ದಿಕ್ಕಿನಲ್ಲೇ ಕಲ್ಲು ಹಿಂದೆ ಮುಂದೆ ಆಡುತ್ತದೆ, ಅದು ಪಿ. ಹೋಗುವ ದಿಕ್ಕಿಗೆ ಅಡ್ಡವಾಗಿ ಆಡಿದರೆ ಎಸ್. ನಮಗೆ ಪಿ ಮೇಲೆ ಕೆಳಗೆ ಅನಿಸುವುದಕ್ಕೆ ಕಾರಣ ಬೇರೆ. ಆಳದಲ್ಲಿ ಬಂಡೆ ಗಟ್ಟಿ, ಮೇಲೆ ಬಂದ ಹಾಗೆ ಸಡಿಲ, ಹಾಗಾಗಿ ಅಲೆ ಮೇಲೇರುತ್ತ ಏರುತ್ತ ನಿಧಾನವಾಗುತ್ತದೆ. ನಿಧಾನವಾಗುವ ಅಲೆ ಬಾಗುತ್ತದೆ. ದೂರದಿಂದ ಓರೆಯಾಗಿ ಹೊರಟಿದ್ದರೂ ನಮ್ಮ ಕಾಲಡಿಗೆ ಬರುವಷ್ಟರಲ್ಲಿ ಬಾಗಿ ಬಾಗಿ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿನಿಂದ ಮೇಲೆ ಬರುತ್ತಿರುತ್ತದೆ. ಆಗ ಪಿ ಮೇಲಕ್ಕೆ ಗುದ್ದುತ್ತದೆ, ಎಸ್ ಅಡ್ಡಕ್ಕೆ ಎಳೆಯುತ್ತದೆ.

ನೆಲದ ಅಲುಗಾಟ ದಾಖಲಿಸುವ ಯಂತ್ರ ಸಿಸ್ಮೋಗ್ರಾಫ್‌ನ ಗೆರೆ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒಂದು ಭೂಕಂಪ ಮಾಪನ ಕೇಂದ್ರದಲ್ಲಿ ಮೂರು ಗೆರೆ ಇರುತ್ತವೆ: ಒಂದು ಮೇಲೆ ಕೆಳಗಿನ ಚಲನೆಗೆ, ಒಂದು ಉತ್ತರ ದಕ್ಷಿಣಕ್ಕೆ, ಒಂದು ಪೂರ್ವ ಪಶ್ಚಿಮಕ್ಕೆ. ಸುಮ್ಮನೆ ಸಣ್ಣಗೆ ನಡುಗುತ್ತಿದ್ದ ಗೆರೆಗಳಲ್ಲಿ ಮೊದಲು ಮೇಲೆ ಕೆಳಗಿನದು ತಟ್ಟನೆ ಜಿಗಿಯುತ್ತದೆ. ಒತ್ತೊತ್ತಾದ ಸಣ್ಣ ಹಲ್ಲುಗಳು. ಅದು ಇಳಿಯುತ್ತ ಬರುತ್ತಿರುವಾಗಲೇ ಉಳಿದೆರಡು ಗೆರೆಗಳಲ್ಲಿ ದೊಡ್ಡ ಏರಿಳಿತ ಶುರುವಾಗುತ್ತದೆ, ಹಲ್ಲುಗಳ ನಡುವಿನ ಅಂತರವೂ ಅಗಲ. ಅದು ಎಸ್. ಭೂಕಂಪ ದೂರದ್ದಾದರೆ ಇನ್ನೂ ಸ್ವಲ್ಪ ಹೊತ್ತಿಗೆ ಅಗಲವಾದ, ನಿಧಾನವಾದ, ನಿಮಿಷಗಟ್ಟಲೆ ನಡೆಯುವ ಏರಿಳಿತ ಬರುತ್ತದೆ. ಅದು ಮೇಲ್ಮೈ ಅಲೆ.

ಪಿ ಬಂದ ಹೊತ್ತಿಗೂ ಎಸ್ ಬಂದ ಹೊತ್ತಿಗೂ ಇರುವ ಅಂತರ ಅಳೆದರೆ ಭೂಕಂಪ ಎಷ್ಟು ದೂರ ಅಂತ ಗೊತ್ತಾಗುತ್ತದೆ. 100 ಕಿಲೋಮೀಟರ್ ದೂರಕ್ಕೆ ಪಿ ಸುಮಾರು 17 ಸೆಕೆಂಡಿನಲ್ಲಿ ಬರುತ್ತದೆ, ಎಸ್ ಸುಮಾರು 29 ಸೆಕೆಂಡಿನಲ್ಲಿ. ಅಂತರ 12. ಅಂದರೆ ಹತ್ತಿರದ ಭೂಕಂಪಕ್ಕೆ ಅಂತರದ ಒಂದೊಂದು ಸೆಕೆಂಡಿಗೂ ಹೆಚ್ಚುಕಡಿಮೆ 8 ಕಿಲೋಮೀಟರ್ ಲೆಕ್ಕ ಹಿಡಿಯಬಹುದು. ಮೂರು ಕೇಂದ್ರಗಳಿಂದ ದೂರ ಸಿಕ್ಕರೆ ನಕ್ಷೆಯ ಮೇಲೆ ಮೂರು ವೃತ್ತ ಎಳೆದು ಅವು ಸೇರುವ ಕಡೆ ಬೆರಳಿಡಬಹುದು. ಭೂಕಂಪ ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಮೊದಲೇ ಗೊತ್ತಿರಬೇಕಾದ ಅಗತ್ಯವೇ ಇಲ್ಲ, ನನಗೆ ಬಹಳ ಇಷ್ಟವಾಗುವುದು ಅದೇ.

ಎಸ್ ಯಾಕೆ ಜೋರು ಅಂತ ಯಾರೂ ಹೇಳಲಿಲ್ಲ. ಸ್ತರಭಂಗದಲ್ಲಿ, ಅಂದರೆ ಬಂಡೆಯ ಬಿರುಕಿನಲ್ಲಿ, ಆಗುವುದು ಸ್ಫೋಟ ಅಲ್ಲ, ಎರಡು ಬದಿಯ ಬಂಡೆಗಳು ಒಂದಕ್ಕೊಂದು ಉಜ್ಜಿಕೊಂಡು ಜಾರುವುದು. ಅಂಥ ಮೂಲದಿಂದ ಹುಟ್ಟುವಾಗಲೇ ಎಸ್ ಅಲೆಯ ಅಲುಗಾಟ ಪಿ ಅಲೆಗಿಂತ ಸುಮಾರು ಐದು ಪಟ್ಟು ದೊಡ್ಡದಿರುತ್ತದೆ. ನೆಲದಡಿ ಬಾಂಬ್ ಸಿಡಿಸಿದರೆ ಹೀಗಾಗುವುದಿಲ್ಲ, ಅದು ಎಲ್ಲ ದಿಕ್ಕಿಗೂ ಒಂದೇ ಸಮ ತಳ್ಳುತ್ತದೆ, ಪಿ ಜಾಸ್ತಿ, ಎಸ್ ಕಡಿಮೆ. ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ನಡೆಸಿದರೆ ಅದು ಭೂಕಂಪ ಅಲ್ಲ ಅಂತ ಬೇರೆ ದೇಶದವರಿಗೆ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ.

ಕಲ್ಲುಬಂಡೆ:

ಮೇಲ್ಮೈ ಅಲೆಯ ಬಗ್ಗೆ ನಾನು ಒಂದಿಷ್ಟು ಸೇರಿಸುತ್ತೇನೆ. ಪಿ, ಎಸ್ ಎರಡೂ ಭೂಮಿಯ ಒಳಗೆ ಎಲ್ಲ ಕಡೆ ಹರಡುತ್ತವೆ, ಹಾಗಾಗಿ ದೂರ ಹೋದ ಹಾಗೆ ಬೇಗ ತೆಳುವಾಗುತ್ತವೆ. ಮೇಲ್ಮೈ ಅಲೆ ನೆಲದ ಮೇಲ್ಪದರದಲ್ಲೇ ಸಿಕ್ಕಿಕೊಂಡು ಹರಡುತ್ತದೆ, ಆಳಕ್ಕೆ ಚದುರಿ ಹೋಗುವುದಿಲ್ಲ, ಆದ್ದರಿಂದ ದೂರದವರೆಗೂ ಅದರ ಬಲ ಉಳಿಯುತ್ತದೆ. ಇದರಲ್ಲೂ ಎರಡು ಬಗೆ. 1885ರಲ್ಲಿ ಲಾರ್ಡ್ ರೇಲೀ ಲೆಕ್ಕದಿಂದ ಕಂಡುಹಿಡಿದದ್ದರಲ್ಲಿ ನೆಲದ ಕಣ ಉದ್ದುದ್ದ ಸುತ್ತು ಹಾಕುತ್ತದೆ, ಅದೂ ಅಲೆ ಹೋಗುವ ದಿಕ್ಕಿಗೆ ಉರುಳುವ ಚಕ್ರಕ್ಕೆ ತಿರುಗುಮುರುಗಾಗಿ. 1911ರಲ್ಲಿ ಲವ್ ಎಂಬ ಗಣಿತಜ್ಞ ವಿವರಿಸಿದ್ದರಲ್ಲಿ ನೆಲ ಬರೀ ಅಡ್ಡಡ್ಡ ಆಡುತ್ತದೆ, ಮೇಲೆ ಕೆಳಗೆ ಇಲ್ಲವೇ ಇಲ್ಲ. ಕಟ್ಟಡದ ಬುಡಕ್ಕೆ ಇದು ಬಹಳ ಕೆಟ್ಟದ್ದು.

ಆದರೆ ಹಾನಿ ಮಾಡುವುದು ಯಾವಾಗಲೂ ಮೇಲ್ಮೈ ಅಲೆಯೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಭೂಕಂಪದ ಹತ್ತಿರ ಇದ್ದರೆ ಗೋಡೆ ಬೀಳಿಸುವುದು ಬಹುತೇಕ ಎಸ್ ಅಲೆ. ದೂರದಲ್ಲಿ ಮೇಲ್ಮೈ ಅಲೆಯ ಪಾಲು ಹೆಚ್ಚುತ್ತದೆ, ಅದರಲ್ಲೂ ಕೆಳಗಿನ ಮಣ್ಣು ಮೆತ್ತಗಿದ್ದರೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ ದೊಡ್ಡ ಭೂಕಂಪ ಆಯಿತು. ಸುಮಾರು 350 ಕಿಲೋಮೀಟರ್ ದೂರದ ಮೆಕ್ಸಿಕೋ ನಗರದಲ್ಲಿ ಸಾವಿರಾರು ಜನ ಸತ್ತರು. ನಗರದ ಒಂದು ಭಾಗ ಹಳೆಯ ಕೆರೆಯ ಜೇಡಿಮಣ್ಣಿನ ಮೇಲೆ ನಿಂತಿದೆ. ಆ ಮಣ್ಣು ಸುಮಾರು ಎರಡು ಸೆಕೆಂಡಿಗೊಮ್ಮೆ ಓಲಾಡುವ ಅಲೆಗಳನ್ನು ಹಿಡಿದು ಹಲವು ಪಟ್ಟು ದೊಡ್ಡದು ಮಾಡಿತು. ಅದೇ ಲಯಕ್ಕೆ ಹತ್ತಿರದಲ್ಲಿ ಓಲಾಡುವ ಕಟ್ಟಡಗಳು, ಅಂದರೆ ಆರರಿಂದ ಹದಿನೈದು ಅಂತಸ್ತಿನವು, ಹೆಚ್ಚಾಗಿ ಬಿದ್ದವು. ಅವುಗಳ ಮಧ್ಯೆ ಇದ್ದ ಗಿಡ್ಡ ಮನೆಗಳು ಎಷ್ಟೋ ಕಡೆ ಉಳಿದವು. ಹಾಗಾಗಿ ಯಾವ ಅಲೆ ಅನ್ನುವುದರ ಜೊತೆಗೆ ಯಾವ ಮಣ್ಣು, ಯಾವ ಕಟ್ಟಡ ಅಂತಲೂ ಕೇಳಲೇಬೇಕು.

ತೀರಾ ಆಳದಲ್ಲಿ ಆದ ಭೂಕಂಪದಲ್ಲಿ ಮೇಲ್ಮೈ ಅಲೆ ಅಷ್ಟಾಗಿ ಹುಟ್ಟುವುದೇ ಇಲ್ಲ. 2013ರ ಮೇ ತಿಂಗಳಲ್ಲಿ ಓಖೋಟ್ಸ್ಕ್ ಸಮುದ್ರದ ಕೆಳಗೆ ಸುಮಾರು 600 ಕಿಲೋಮೀಟರ್ ಆಳದಲ್ಲಿ 8.3 ಪ್ರಮಾಣದ್ದು ಆಯಿತು. ಎಷ್ಟೋ ಸಾವಿರ ಕಿಲೋಮೀಟರ್ ದೂರದ ಮಾಸ್ಕೋದಲ್ಲೂ ಜನರಿಗೆ ಗೊತ್ತಾಯಿತು, ಹಾನಿ ಮಾತ್ರ ತೀರಾ ಕಡಿಮೆ.

ಸಂಜೆಮಳೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ಪಿ ಮೊದಲು ಬರುತ್ತದೆ, ಮೆತ್ತಗೂ ಇರುತ್ತದೆ ಅಂದರೆ ಅದನ್ನೇ ಎಚ್ಚರಿಕೆ ಗಂಟೆಯ ಹಾಗೆ ಬಳಸಬಹುದಲ್ವಾ? ಭೂಕಂಪಕ್ಕೆ ಮುಂಚೆ ನಾಯಿಗಳು ಬೊಗಳುವುದು ಇದಕ್ಕೇನಾ?

ಗೆರೆಗಾರ:

ಬಳಸುತ್ತಿದ್ದಾರೆ. ಮೆಕ್ಸಿಕೋದಲ್ಲಿ 1991ರಿಂದ ಇದೆ, ಜಪಾನಿನಲ್ಲಿ 2007ರ ಅಕ್ಟೋಬರ್‌ನಿಂದ ಸಾರ್ವಜನಿಕರಿಗೆ ಸಿಗುತ್ತಿದೆ. ಭೂಕಂಪ ಆಗುವ ಜಾಗದ ಹತ್ತಿರದ ಯಂತ್ರಗಳು ಅಲೆಯನ್ನು ಹಿಡಿದ ತಕ್ಷಣ ದೂರದ ಊರುಗಳಿಗೆ ಸುದ್ದಿ ಕಳಿಸುತ್ತವೆ. ನೆಲದ ಅಲೆ ಸೆಕೆಂಡಿಗೆ ಕೆಲವೇ ಕಿಲೋಮೀಟರ್ ಓಡಿದರೆ ರೇಡಿಯೋ ಸಂಕೇತ 3 ಲಕ್ಷ ಕಿಲೋಮೀಟರ್ ಓಡುತ್ತದೆ, ಹಾಗಾಗಿ ಸುದ್ದಿಯೇ ಗೆಲ್ಲುತ್ತದೆ. ಕರಾವಳಿಯಲ್ಲಿ ಆಗಿ ಮೆಕ್ಸಿಕೋ ನಗರಕ್ಕೆ ಬರಬೇಕಾದರೆ ಒಂದು ನಿಮಿಷದಷ್ಟು ಸಮಯ ಸಿಗುತ್ತದೆ. ಅಷ್ಟರಲ್ಲಿ ರೈಲು ನಿಧಾನ ಮಾಡಬಹುದು, ಲಿಫ್ಟ್ ನಿಲ್ಲಿಸಬಹುದು, ಗ್ಯಾಸ್ ಮುಚ್ಚಬಹುದು.

ಆದರೆ ಭೂಕಂಪದ ನೆತ್ತಿಯ ಮೇಲೇ ಇರುವವರಿಗೆ ಇದು ದಕ್ಕುವುದಿಲ್ಲ. ಯಂತ್ರ ಅಲೆ ಹಿಡಿದು, ಲೆಕ್ಕ ಹಾಕಿ, ಸುದ್ದಿ ಕಳಿಸುವಷ್ಟರಲ್ಲಿ ಕೆಲವು ಸೆಕೆಂಡು ಹೋಗಿರುತ್ತದೆ, ಎಸ್ ಅಷ್ಟು ಹೊತ್ತಿಗೆ ಬಂದುಬಿಟ್ಟಿರುತ್ತದೆ. ಅತಿ ಹೆಚ್ಚು ಅಲುಗಾಡುವ ಜಾಗಕ್ಕೇ ಎಚ್ಚರಿಕೆ ಸಿಗದೆ ಹೋಗುವುದು ನೋವಿನ ಸಂಗತಿ. ಅಂಥ ಕಡೆ ಮೊದಲ ಗುದ್ದೇ ಎಚ್ಚರಿಕೆ ಅಂತ ತಿಳಿದು, ಏನಾಯಿತು ಅಂತ ನೋಡುತ್ತ ನಿಲ್ಲದೆ ಗಟ್ಟಿ ಮೇಜಿನ ಕೆಳಗೆ ಹೋಗಿ ತಲೆ ಕಾಪಾಡಿಕೊಂಡು ಮೇಜಿನ ಕಾಲು ಹಿಡಿದುಕೊಳ್ಳಬೇಕು.

ನಾಯಿಗಳಿಗೆ ಎಸ್ ಬರುವ ಕೆಲವು ಸೆಕೆಂಡು ಮುಂಚೆ ಪಿ ಗೊತ್ತಾಗುವುದು ಸಾಧ್ಯ, ಅದರಲ್ಲಿ ವಿಚಿತ್ರ ಏನಿಲ್ಲ. ದಿನಗಟ್ಟಲೆ ಮುಂಚೆ ಗೊತ್ತಾಗುತ್ತದೆ ಅನ್ನುವುದು ಬೇರೆ ಮಾತು, ಅದಕ್ಕೆ ಪಿ ಅಲೆಯನ್ನು ಸಾಕ್ಷಿ ಕರೆಯುವ ಹಾಗಿಲ್ಲ.

ಅಲೆಮಾರಿ:

ಎಲ್ಲರಿಗೂ ವಂದನೆ. ಸಾಲಿನಲ್ಲಿ ನಿಂತವರ ವಿವರಣೆ ಚೆನ್ನಾಗಿ ತಲೆಗೆ ಹೋಯಿತು. ಈಗ ಇನ್ನೆರಡು ಕೇಳುತ್ತೇನೆ. ಒಂದು, ಆಳಕ್ಕೆ ಹೋದ ಹಾಗೆ ಸಾಂದ್ರತೆ ಹೆಚ್ಚು, ಅದಕ್ಕೇ ಅಲೆ ವೇಗ ಹೆಚ್ಚು ಅಂತ ಎಷ್ಟೋ ಕಡೆ ಓದಿದ್ದೇನೆ. ಆದರೆ ಅಲೆಯ ವೇಗದ ಸೂತ್ರದಲ್ಲಿ (ಗಟ್ಟಿತನವನ್ನು ಸಾಂದ್ರತೆಯಿಂದ ಭಾಗಿಸಿ, ಅದರ ವರ್ಗಮೂಲ) ಸಾಂದ್ರತೆ ಭಾಗಿಸುವ ಕಡೆ ಇದೆ. ಸಾಂದ್ರತೆ ಹೆಚ್ಚಿದರೆ ವೇಗ ಇಳಿಯಬೇಕಲ್ವಾ? ಎರಡು, ಎಸ್ ಅಲೆ ದಾಟಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಭೂಮಿಯ ನಡುವೆ ದ್ರವ ಇದೆ ಅಂತ ತೀರ್ಮಾನ ಮಾಡಿದರಾ?

ಕಲ್ಲುಬಂಡೆ:

ಮೊದಲನೆಯದಕ್ಕೆ: ಸೂತ್ರ ಸರಿ ಇದೆ, ನೀವು ಓದಿದ ವಾಕ್ಯ ತಪ್ಪು. ಸಾಂದ್ರತೆ ಒಂದೇ ಹೆಚ್ಚಿದ್ದರೆ ಅಲೆ ನಿಧಾನವಾಗುತ್ತಿತ್ತು. ಆದರೆ ಮೇಲಿನ ಭಾರಕ್ಕೆ ಬಂಡೆ ಅದಕ್ಕಿಂತ ಜಾಸ್ತಿ ಗಟ್ಟಿಯಾಗುತ್ತದೆ. ಮ್ಯಾಂಟಲ್‌ನ (ಭೂಕವಚದ ಕೆಳಗಿನ ದಪ್ಪ ಬಂಡೆಪದರದ) ಮೇಲ್ತುದಿಯಲ್ಲಿ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 3.4 ಗ್ರಾಂ, ಪಿ ವೇಗ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್. ತಳದಲ್ಲಿ ಸಾಂದ್ರತೆ ಸುಮಾರು 5.6, ವೇಗ 13.7. ಸೂತ್ರದಲ್ಲಿ ಹಾಕಿ ನೋಡಿ, ಸಾಂದ್ರತೆ ಎರಡು ಪಟ್ಟೂ ಆಗದಿರುವಾಗ ಗಟ್ಟಿತನ ಹತ್ತಿರ ಹತ್ತಿರ ಐದು ಪಟ್ಟು ಆಗಿದೆ. ಇನ್ನು ಒಂದು ಹೆಜ್ಜೆ ಕೆಳಗೆ ಇಳಿದು ಹೊರ ಕೇಂದ್ರಗೋಳಕ್ಕೆ ಹೋಗಿ. ಅಲ್ಲಿ ಬಹುಪಾಲು ಕಬ್ಬಿಣ, ಸಾಂದ್ರತೆ ತಟ್ಟನೆ 10ರ ಹತ್ತಿರಕ್ಕೆ ಹಾರುತ್ತದೆ. ಆ ವಾಕ್ಯ ನಿಜವಾಗಿದ್ದರೆ ಪಿ ಇನ್ನೂ ವೇಗವಾಗಿ ಓಡಬೇಕಿತ್ತು. ಓಡುವುದಿಲ್ಲ, 13.7ರಿಂದ ಸುಮಾರು 8ಕ್ಕೆ ಬೀಳುತ್ತದೆ. ಮಕ್ಕಳಿಗೆ ಪಾಠ ಮಾಡುವವರು ಆ ವಾಕ್ಯವನ್ನು ದಯವಿಟ್ಟು ಬಿಟ್ಟುಬಿಡಿ, ಅದು ಮುಂದೆ ಎಲ್ಲವನ್ನೂ ಗೋಜಲು ಮಾಡುತ್ತದೆ.

ಗೆರೆಗಾರ:

ಎರಡನೆಯದಕ್ಕೆ: ಇಲ್ಲ, ಅಷ್ಟು ಸಲೀಸಾಗಿ ತೀರ್ಮಾನ ಆಗಲಿಲ್ಲ.

ಮೇಲೆ ಹೇಳಿದ ಓಲ್ಡ್‌ಹ್ಯಾಮ್ ಅವರೇ 1906ರಲ್ಲಿ, ದೂರ ದೂರದ ಕೇಂದ್ರಗಳಿಗೆ ಅಲೆಗಳು ಎಷ್ಟು ಹೊತ್ತಿಗೆ ತಲುಪಿದವು ಅಂತ ನೋಡಿ, ಭೂಮಿಯ ನಡುವೆ ಅಲೆಯನ್ನು ನಿಧಾನ ಮಾಡುವ ಬೇರೆಯೇ ಒಂದು ಕೇಂದ್ರಗೋಳ ಇದೆ ಎಂದರು. ದ್ರವ ಎಂದು ಸಾಧಿಸಲಿಲ್ಲ. ಅದು ಸುಮಾರು 2,900 ಕಿಲೋಮೀಟರ್ ಆಳದಿಂದ ಶುರುವಾಗುತ್ತದೆ ಎಂದು ಜರ್ಮನಿಯ ಭೂಕಂಪ ವಿಜ್ಞಾನಿ ಗುಟೆನ್‌ಬರ್ಗ್ ಲೆಕ್ಕ ಹಾಕಿದರು. ಭೂಕಂಪ ಆದ ಜಾಗದಿಂದ ಸುಮಾರು 104 ಡಿಗ್ರಿವರೆಗೆ (ಭೂಮಿಯ ನಡುವಿನಿಂದ ಅಳೆದ ಕೋನ), ಅಂದರೆ ಹೆಚ್ಚುಕಡಿಮೆ 11,500 ಕಿಲೋಮೀಟರ್‌ವರೆಗೆ, ಪಿ ಮತ್ತು ಎಸ್ ನೇರವಾಗಿ ಬರುತ್ತವೆ. ಅಲ್ಲಿಂದ ಆಚೆ ನೇರ ಎಸ್ ಇಲ್ಲ. ಪಿ ಕೂಡ ಸುಮಾರು 140 ಡಿಗ್ರಿವರೆಗೆ ಕಾಣೆಯಾಗಿ ಆಮೇಲೆ ಮತ್ತೆ ಬರುತ್ತದೆ, ಯಾಕೆಂದರೆ ಕೇಂದ್ರಗೋಳದೊಳಗೆ ಹೊಕ್ಕ ಪಿ ವೇಗ ಕಳೆದುಕೊಂಡು ಒಳಕ್ಕೆ ಬಾಗುತ್ತದೆ. ಇದೇ ನೆರಳು ವಲಯ.

ಎಸ್ ಕಾಣದಿದ್ದರೆ ದ್ರವ ಅಂತಲೇ ಯಾಕೆ ಆಗಬೇಕು, ಬಲ ಉಡುಗಿ ಹೋಗಿರಬಹುದಲ್ವಾ? ಆ ಅನುಮಾನ ಬಗೆಹರಿದದ್ದು ಬೇರೆ ದಾರಿಯಿಂದ. ಚಂದ್ರ ಸೂರ್ಯರ ಸೆಳೆತಕ್ಕೆ ಸಮುದ್ರ ಉಬ್ಬುವ ಹಾಗೆ ಗಟ್ಟಿ ನೆಲವೂ ಚೂರು ಉಬ್ಬುತ್ತದೆ. ಎಷ್ಟು ಉಬ್ಬುತ್ತದೆ ಅಂತ ಅಳೆದರೆ ಇಡೀ ಭೂಮಿಯ ಸರಾಸರಿ ಗಟ್ಟಿತನ ಸಿಗುತ್ತದೆ. ಮ್ಯಾಂಟಲ್ ಎಷ್ಟು ಗಟ್ಟಿ ಅಂತ ಎಸ್ ಅಲೆಯ ವೇಗ ಹೇಳುತ್ತದೆ. 1926ರಲ್ಲಿ ಹೆರಾಲ್ಡ್ ಜೆಫ್ರಿಸ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮ್ಯಾಂಟಲ್ ಅಷ್ಟೊಂದು ಗಟ್ಟಿಯಿದ್ದೂ ಒಟ್ಟು ಸರಾಸರಿ ಅಷ್ಟು ಕಡಿಮೆ ಬರಬೇಕಾದರೆ ಕೇಂದ್ರಗೋಳಕ್ಕೆ ಆಕಾರದ ಗಟ್ಟಿತನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರಬೇಕು. ಅಂದರೆ ದ್ರವ. ಈ ಭಾಗವನ್ನು ಹೆಚ್ಚಿನವರು ಹೇಳುವುದೇ ಇಲ್ಲ, ನನಗಂತೂ ಇಡೀ ಕಥೆಯಲ್ಲಿ ಇದೇ ಬಹಳ ಸೊಗಸಾಗಿ ಕಾಣುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ನೆರಳು ವಲಯದಲ್ಲಿ ಏನೂ ಬರಬಾರದು, ಆದರೆ ಸಣ್ಣ ಸಣ್ಣ ಪಿ ಅಲೆ ಬರುತ್ತಿತ್ತು. ಡೆನ್ಮಾರ್ಕಿನ ಇಂಗೆ ಲೇಮನ್ 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳನ್ನು ಕೂತು ನೋಡಿ, ದ್ರವದ ಒಳಗೆ ಇನ್ನೊಂದು ಗೋಳ ಇದ್ದು ಅದರ ಮೈಗೆ ತಾಗಿ ಈ ಅಲೆಗಳು ತಿರುಗುತ್ತಿವೆ ಎಂದು 1936ರಲ್ಲಿ ತೋರಿಸಿದರು. ಅದೇ ಒಳ ಕೇಂದ್ರಗೋಳ.

ಅಲೆಮಾರಿ:

ಹಾಗಾದರೆ ಕೇಂದ್ರಗೋಳದ ಅಂಚಿಗೆ ಬಂದ ಎಸ್ ಅಲೆ ಏನಾಗುತ್ತದೆ? ಅದರ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ವಾ?

ಗೆರೆಗಾರ:

ಒಂದು ಪಾಲು ಎಸ್ ಆಗಿಯೇ ಮ್ಯಾಂಟಲ್‌ಗೆ ಹಿಂತಿರುಗುತ್ತದೆ. ಓರೆಯಾಗಿ ಬಂದು ಬಡಿದಾಗ ಅಂಚು ಒಳಕ್ಕೂ ಹೊರಕ್ಕೂ ಆಡುತ್ತದಲ್ಲ, ಆ ಆಟ ಕೆಳಗಿನ ದ್ರವವನ್ನು ಒತ್ತುತ್ತದೆ, ಅಲ್ಲಿ ಪಿ ಹುಟ್ಟುತ್ತದೆ. ಅದು ದ್ರವವನ್ನು ದಾಟಿ ಆಚೆ ಅಂಚಿಗೆ ಬಡಿದಾಗ ಮತ್ತೆ ಒಂದು ಪಾಲು ಎಸ್ ಆಗಿ ಮ್ಯಾಂಟಲ್‌ಗೆ ಏರುತ್ತದೆ. ಹೀಗೆ ವೇಷ ಬದಲಿಸಿ ಬರುವ ಅಲೆಗೆ ಎಸ್‌ಕೆಎಸ್ ಎಂದು ಹೆಸರು. ಅಂಚಿನುದ್ದಕ್ಕೆ ಮಾತ್ರ ಆಡುವ ಎಸ್ ಆದರೆ ದ್ರವವನ್ನು ಒತ್ತುವುದೇ ಇಲ್ಲ, ಅದು ಪೂರ್ತಿ ಹಿಂದಕ್ಕೆ.

ಗೆರೆ ಓದುವವರು ಇಲ್ಲಿ ಹುಷಾರಾಗಿರಬೇಕು. ಮ್ಯಾಂಟಲ್‌ನ ತಳದಲ್ಲಿ ಎಸ್ ವೇಗ ಸುಮಾರು 7.3, ಅದರ ಪಕ್ಕದ ದ್ರವದಲ್ಲಿ ಪಿ ವೇಗ ಸುಮಾರು 8. ಹಾಗಾಗಿ ದೂರ ಸುಮಾರು 83 ಡಿಗ್ರಿ ದಾಟಿದ ಮೇಲೆ ಕೇಂದ್ರಗೋಳದ ಮೂಲಕ ಬಂದ ಎಸ್‌ಕೆಎಸ್, ಮ್ಯಾಂಟಲ್‌ನಲ್ಲೇ ಬಂದ ನೇರ ಎಸ್‌ಗಿಂತ ಮೊದಲೇ ತಲುಪುತ್ತದೆ. ಅದನ್ನೇ ಎಸ್ ಅಂತ ಗುರುತು ಹಾಕಿದರೆ ದೂರದ ಲೆಕ್ಕವೆಲ್ಲ ತಪ್ಪುತ್ತದೆ.